ಕೊಡಲು ಹೋದವರು ಪಡೆಯಲೂ ಕಲಿಯಬೇಕು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಪ್ಲೇನ್ಸ್ ಎಂಬ ಪುಟ್ಟ ಊರಿದೆ. ಸುತ್ತಲೂ ಕಡಲೆಕಾಯಿ ಹೊಲಗಳು. 1966ರಲ್ಲಿ ಆ ಊರಿನ ಲಿಲಿಯನ್ ಕಾರ್ಟರ್ ಎಂಬ ವಿಧವೆಯ ಕಣ್ಣಿಗೆ ಟಿವಿಯಲ್ಲಿ ಒಂದು ಜಾಹೀರಾತು ಬಿತ್ತು. ಪರದೇಶಗಳಲ್ಲಿ ಸೇವೆ ಮಾಡಲು ಸ್ವಯಂಸೇವಕರು ಬೇಕು, ವಯಸ್ಸು ಅಡ್ಡಿಯಲ್ಲ ಎಂಬುದು ಅದರ ಸಾರಾಂಶ. ಆಕೆ ನರ್ಸ್ ತರಬೇತಿ ಪಡೆದವರು. ಮಕ್ಕಳೆಲ್ಲ ದೊಡ್ಡವರಾಗಿದ್ದರು. ಅರ್ಜಿ ಹಾಕಿಯೇಬಿಟ್ಟರು. ಭಾರತಕ್ಕೆ ಬಂದಿಳಿದಾಗ ಆಕೆಗೆ 68 ವರ್ಷ. ಅವರ ಹಿರಿಯ ಮಗ ಜಿಮ್ಮಿ ಕಾರ್ಟರ್ ಮುಂದೆ 1977ರಲ್ಲಿ ಅಮೆರಿಕದ ಅಧ್ಯಕ್ಷರಾದರು.

ಅಧ್ಯಕ್ಷರ ತಾಯಿಯ ಈ ಕಥೆ ನಮ್ಮ ವಿದ್ಯಾರ್ಥಿಗಳಿಗೆ ಈಗೇಕೆ? ಕಾರಣವಿದೆ. ಸ್ವಯಂಸೇವಕರಾಗಿ ಹೊರದೇಶಕ್ಕೆ ಹೋಗುವ ಅವಕಾಶಗಳು ಇಂದು ನಮ್ಮ ಹುಡುಗ ಹುಡುಗಿಯರಿಗೂ ಇವೆ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮವೇ 1971ರಿಂದ ನಡೆದುಬಂದಿದೆ. ಅಲ್ಲಿ ಸಿಗುವುದು ಸಂಬಳವಲ್ಲ, ಜೀವನ ನಿರ್ವಹಣೆಯ ಭತ್ಯೆ. ಅರ್ಜಿ ತುಂಬುವುದು, ಪಾಸ್‌ಪೋರ್ಟ್, ವೀಸಾ, ಚುಚ್ಚುಮದ್ದು ಇವುಗಳ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹೋದ ಮೇಲೆ ದಿನ ದೂಡುವುದು ಹೇಗೆ ಎಂದು ಹೇಳುವವರು ಕಡಿಮೆ.

ಲಿಲಿಯನ್ ಬಂದದ್ದು ಅಮೆರಿಕದ ಪೀಸ್ ಕೋರ್ ಎಂಬ ಸಂಸ್ಥೆಯ ಮೂಲಕ. ಅಧ್ಯಕ್ಷ ಕೆನಡಿ 1961ರಲ್ಲಿ ಆರಂಭಿಸಿದ ಸಂಸ್ಥೆ ಅದು. ಅದೇ ವರ್ಷದ ಕೊನೆಯಲ್ಲಿ ಮೊದಲ ತಂಡ ಪಂಜಾಬಿಗೆ ಬಂದಿತು. 1976ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಭಾರತದಲ್ಲಿ ಕೆಲಸ ಮಾಡಿದರು. ಆಗಿನ ಮೈಸೂರು ರಾಜ್ಯಕ್ಕೂ ಕೆಲವರು ಬಂದಿದ್ದರು. ಸುತ್ತಲಿನ ಜನ ಬದುಕುವಂತೆಯೇ ತಾವೂ ಬದುಕಬೇಕು ಎಂಬುದು ಈ ಸ್ವಯಂಸೇವಕರಿಗಿದ್ದ ಕಟ್ಟುಪಾಡು.

ಲಿಲಿಯನ್ ಅವರಿಗೆ ಸಿಕ್ಕಿದ್ದು ಮುಂಬಯಿ ಬಳಿಯ ವಿಖ್ರೋಳಿಯ ಗೋದ್ರೆಜ್ ಕಾಲೊನಿ. ಮೊದಲು ಕುಟುಂಬ ಯೋಜನೆಯ ಕೆಲಸ, ಆಮೇಲೆ ಅಲ್ಲಿನ ದವಾಖಾನೆಯಲ್ಲಿ ನರ್ಸ್ ಕೆಲಸ. ಅವರು ಮನೆಗೆ ಬರೆದ ಪತ್ರಗಳು 1977ರಲ್ಲಿ ಪುಸ್ತಕವಾಗಿ ಬಂದವು. ಬಿಸಿಲು, ಬಡತನ, ಒಂಟಿತನ, ನಾಲಿಗೆಗೆ ಒಗ್ಗದ ಊಟ ಎಲ್ಲವೂ ಅವರನ್ನು ಕಾಡಿದವು. ಕುಷ್ಠರೋಗಿಯೊಬ್ಬರನ್ನು ಮೊದಲ ಬಾರಿ ಕಂಡಾಗ, ನರ್ಸ್ ಆಗಿದ್ದೂ, ಅವರು ಹೆದರಿ ಹಿಂಜರಿದರು. ಸೇವೆಗೆಂದು ಬಂದವರಿಗೆ ಇದಕ್ಕಿಂತ ದೊಡ್ಡ ಮುಜುಗರ ಉಂಟೇ?

ಇಂಥ ತಳಮಳಕ್ಕೆ ಒಂದು ಹೆಸರೇ ಇದೆ: ಕಲ್ಚರ್ ಶಾಕ್. ಈ ಮಾತನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ. 1950ರ ದಶಕದಲ್ಲಿ ಅವರು ಇದರ ಹಂತಗಳನ್ನು ವಿವರಿಸಿದರು. ಮೊದಲ ಕೆಲವು ವಾರ ಮಧುಚಂದ್ರದ ಹಾಗೆ, ಕಂಡದ್ದೆಲ್ಲ ಚೆಂದ. ಬಳಿಕ ಎಲ್ಲದರ ಮೇಲೂ ಸಿಡಿಮಿಡಿ. ಪದೇ ಪದೇ ಕೈ ತೊಳೆಯುವುದು, ಕುಡಿಯುವ ನೀರಿನ ಬಗ್ಗೆ ವಿಪರೀತ ಶಂಕೆ, ಸಣ್ಣ ತಡಕ್ಕೂ ಕೋಪ, ಊರಿಗೆ ಓಡಿಹೋಗುವ ತವಕ ಇವೆಲ್ಲ ಅದರ ಲಕ್ಷಣಗಳು. ಮೂರನೆಯ ಹಂತದಲ್ಲಿ ಚೇತರಿಕೆ, ಕೊನೆಗೆ ಹೊಂದಾಣಿಕೆ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗುತ್ತದೆಂದಲ್ಲ. ಆದರೆ ಎರಡನೆಯ ಹಂತದಲ್ಲಿ ಸಿಕ್ಕಿಕೊಂಡವರಿಗೆ ಇದು ತನ್ನೊಬ್ಬನ ದೌರ್ಬಲ್ಯವಲ್ಲ ಎಂದು ತಿಳಿದರೇ ಅರ್ಧ ಸಮಾಧಾನ.

ಸ್ವಯಂಸೇವಕರಿಗೆ ಈ ಹಂತ ಇನ್ನಷ್ಟು ಕಷ್ಟ. ಓದಲು ಹೋದವನು ವಿದ್ಯಾರ್ಥಿ. ತನಗೆ ತಿಳಿಯದೆಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಿಲ್ಲ. ಸಹಾಯ ಮಾಡಲು ಹೋದವನಿಗೆ ಮಾತ್ರ ಬಸ್ಸು ಹಿಡಿಯುವುದಕ್ಕೂ ತರಕಾರಿ ಕೊಳ್ಳುವುದಕ್ಕೂ ಇನ್ನೊಬ್ಬರ ಸಹಾಯ ಬೇಕು. ನೆರೆಮನೆಯ ಮಗು ಅವನ ಉಚ್ಚಾರಣೆ ತಿದ್ದುತ್ತದೆ. ಪದವಿ ಪಡೆದ ಹೆಮ್ಮೆಗೆ ಇದು ಸಣ್ಣ ಪೆಟ್ಟಲ್ಲ. ಅನೇಕರು ಸೋಲುವುದು ಇಲ್ಲಿಯೇ. ಕೋಣೆಯ ಬಾಗಿಲು ಹಾಕಿಕೊಂಡು, ತಮ್ಮ ದೇಶದವರನ್ನಷ್ಟೇ ಹುಡುಕಿಕೊಂಡು, ಇಲ್ಲಿಯ ಜನವೇ ಹೀಗೆ ಎಂದು ದೂರತೊಡಗುತ್ತಾರೆ.

ಲಿಲಿಯನ್ ಬೇರೆ ದಾರಿ ಹಿಡಿದರು. ಕಾಲೊನಿಯ ಮಾಲಿಯೊಬ್ಬ ಅವರಿಗೆ ತರಕಾರಿ, ಹೂವು ತಂದುಕೊಡುತ್ತಿದ್ದ. ಅದನ್ನವರು ಸಂತೋಷದಿಂದ ತೆಗೆದುಕೊಂಡರು. ಪ್ರತಿಯಾಗಿ ಅವನ ಮಗಳಿಗೆ ಓದು ಬರಹ ಕಲಿಸಿದರು. ಅಲ್ಲಿ ದಾನಿಯೂ ಇರಲಿಲ್ಲ, ಬೇಡುವವನೂ ಇರಲಿಲ್ಲ. ಅಕ್ಕಪಕ್ಕದವರ ಕೊಡುಕೊಳ್ಳುವಿಕೆ ಇತ್ತು. ಯಾರನ್ನು ಕಂಡು ಹಿಂಜರಿದಿದ್ದರೋ ಆ ಕುಷ್ಠರೋಗಿಗಳ ಆರೈಕೆಗೂ ಅವರು ಕ್ರಮೇಣ ಒಗ್ಗಿಕೊಂಡರು.

ಹೊರಡುವ ನಮ್ಮ ಯುವಕರು ಇದರಿಂದ ಕಲಿಯುವುದು ಬಹಳ ಇದೆ. ಮೊದಲನೆಯದು ಮಾತು. ಪೂರ್ವ ಆಫ್ರಿಕದ ಸ್ವಾಹಿಲಿ ಆಡುವ ಕಡೆ ಕ್ಷೇಮ ಸಮಾಚಾರ ವಿಚಾರಿಸದೆ ನೇರವಾಗಿ ಕೆಲಸದ ಮಾತೆತ್ತುವುದು ಒರಟುತನ. ನಮ್ಮ ಹಳ್ಳಿಗಳಲ್ಲೂ ಹಾಗೆಯೇ ಅಲ್ಲವೇ? ಎರಡನೆಯದು ಊಟ. ಕೀನ್ಯಾದ ಉಗಾಲಿಯನ್ನು ಕಂಡರೆ ಕನ್ನಡಿಗರಿಗೆ ಮುದ್ದೆಯ ನೆನಪಾಗುತ್ತದೆ. ಮೆಕ್ಕೆಜೋಳದ ಹಿಟ್ಟಿನದು, ಸೊಪ್ಪಿನ ಪಲ್ಯದ ಜೊತೆ ತಿನ್ನುತ್ತಾರೆ. ಮಾಂಸ ತಿನ್ನದವರು ಅದನ್ನು ಮೊದಲ ದಿನವೇ ನಗುನಗುತ್ತಾ ಹೇಳಿಬಿಡುವುದು ಒಳ್ಳೆಯದು. ಬಡಿಸಿದ ಮೇಲೆ ಮುಖ ಸಿಂಡರಿಸಿದರೆ ಮನೆಯವರ ಮನಸ್ಸು ನೋಯುತ್ತದೆ. ಮೂರನೆಯದು ತಾಳ್ಮೆ. ಮೊದಲ ತಿಂಗಳುಗಳಲ್ಲಿ ಹೇಳಿಕೊಳ್ಳುವಂಥ ಕೆಲಸವೇನೂ ಆಗದಿರಬಹುದು. ಬಾವಿಕಟ್ಟೆ, ಸಂತೆ, ಚಹಾ ಅಂಗಡಿಗಳಲ್ಲಿ ಕಳೆದ ಹೊತ್ತು ದಂಡವಲ್ಲ. ಅಲ್ಲಿ ಮುಖಪರಿಚಯ ಬೆಳೆಯುತ್ತದೆ. ಪರಿಚಯವಿಲ್ಲದವನ ಸಲಹೆಯನ್ನು ಯಾರೂ ಕೇಳುವುದಿಲ್ಲ.

ತಂದೆ ತಾಯಿಯರಿಗೂ ಒಂದು ಮಾತು. ಲಿಲಿಯನ್ ಕಾಲದಲ್ಲಿ ಪತ್ರ ಸಮುದ್ರ ದಾಟಿ ಕೈಸೇರುವ ಹೊತ್ತಿಗೆ ಬರೆದವರ ಅಳು ನಿಂತಿರುತ್ತಿತ್ತು. ಈಗ ಅಳು ಆ ಕ್ಷಣವೇ ಫೋನಿನಲ್ಲಿ ಕೇಳುತ್ತದೆ. ಎರಡನೆಯ ತಿಂಗಳಲ್ಲೋ ಮೂರನೆಯ ತಿಂಗಳಲ್ಲೋ ಮಗಳು “ಅಮ್ಮಾ, ಇಲ್ಲಿ ನನ್ನಿಂದ ಆಗಲ್ಲ” ಎಂದಾಗ “ನಾಳೆಯೇ ಹೊರಟು ಬಾ” ಎನ್ನುವುದು ಹೆತ್ತ ಕರುಳಿಗೆ ಸಹಜ. ಕಾಯಿಲೆ, ಅಪಾಯ, ಯಾರಿಂದಲಾದರೂ ಕಿರುಕುಳ ಇದ್ದರೆ ತಡಮಾಡದೆ ಹಾಗೆಯೇ ಹೇಳಬೇಕು. ಹಟ ಹಿಡಿದು ಉಳಿಯುವುದು ಧೈರ್ಯವಲ್ಲ. ಆದರೆ ಬರೀ ಬೇಸರವಾದರೆ “ಇವತ್ತು ಯಾರ ಜೊತೆ ಊಟ ಮಾಡಿದೆ? ಪಕ್ಕದ ಮನೆಯವರು ಹೇಗಿದ್ದಾರೆ?” ಎಂದು ಕೇಳಿ ನೋಡಿ. ಉತ್ತರದಲ್ಲಿ ಅಲ್ಲಿಯ ಹೆಸರುಗಳು ಬರತೊಡಗಿದರೆ ಅವಳು ಬೇರೂರುತ್ತಿದ್ದಾಳೆ ಎಂದೇ ತಿಳಿಯಿರಿ.

1968ರ ಆಗಸ್ಟ್ 15 ಲಿಲಿಯನ್ ಅವರ ಎಪ್ಪತ್ತನೆಯ ಹುಟ್ಟುಹಬ್ಬ. ನಮ್ಮ ಸ್ವಾತಂತ್ರ್ಯ ದಿನವೂ ಹೌದು. ಬೇರೆಯವರಿಗೆ ನಮ್ಮನ್ನು ಕೊಟ್ಟುಕೊಂಡರಷ್ಟೇ ಸಾಲದು, ಅವರು ಕೊಡುವ ಪ್ರೀತಿಯನ್ನು ಸ್ವೀಕರಿಸಲೂ ಬರಬೇಕು ಎಂಬ ಅರ್ಥದಲ್ಲಿ ಅವರು ಆಗ ಮನೆಗೆ ಬರೆದರು. ಹೊಸ ದೇಶದಲ್ಲಿ ಯಾರಾದರೂ ಒಂದು ತಟ್ಟೆ ಊಟ ಮುಂದಿಟ್ಟಾಗ ಸಂಕೋಚಪಡದೆ ಕೈತೊಳೆದು ಕುಳಿತುಕೊಳ್ಳುವುದು, ಸೇವೆಯ ಮೊದಲ ಪಾಠ ಅದೇ.