ಗೇಮ್ ಆಡುತ್ತಾರೆಂದು ಲ್ಯಾಬಿಗೆ ಕೀಲಿ ಹಾಕಬೇಡಿ



‘ಹುಡುಗರು ಗೇಮ್ ಆಡ್ತಾವ್ರಿ, ಅದಕ್ಕ ಲ್ಯಾಬಿಗೆ ಕೀಲಿ ಹಾಕೀವಿ.’ ಕಲಬುರಗಿ ಜಿಲ್ಲೆಯ ನಮ್ಮ ಭಾಗದ ಸರ್ಕಾರಿ ಹೈಸ್ಕೂಲುಗಳಲ್ಲಿ ಕಂಪ್ಯೂಟರ್ ಬಗ್ಗೆ ವಿಚಾರಿಸಿದ ಪಾಲಕರಿಗೆ ಈ ಉತ್ತರ ಹೊಸದಲ್ಲ. ವಾಡಿಯಲ್ಲಿ ನಾನೇ ಕೇಳಿಸಿಕೊಂಡಿದ್ದೇನೆ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಕಡೆಯ ಬೀಗರು, ಗೆಳೆಯರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಈ ಉತ್ತರಕ್ಕೆ ನನ್ನ ತಕರಾರಿದೆ. ಅದನ್ನು ಈ ಪತ್ರದ ಮೂಲಕ ಶಿಕ್ಷಣ ಇಲಾಖೆಯ ಮುಂದಿಡುತ್ತಿದ್ದೇನೆ.

ಪಾಲಕರ ಸಭೆಗೆ ಹೋದಾಗ ಒಂದು ಶಾಲೆಯ ಲ್ಯಾಬ್ ತೆಗೆಸಿ ನೋಡಿದೆ. ಮಾನಿಟರುಗಳ ಮೇಲೆ ಹೊದಿಸಿದ ಬಟ್ಟೆಯ ಮೇಲೆ ಸಿಮೆಂಟ್ ಧೂಳು ಕೂತಿತ್ತು. ಕೀಬೋರ್ಡುಗಳಲ್ಲಿ ಅಕ್ಷರಗಳೆಲ್ಲ ಹೊಸದರಂತೆ ಎದ್ದು ಕಾಣುತ್ತಿದ್ದವು. ಉದ್ದನೆಯ ಸ್ಪೇಸ್ ಬಾರ್ ಮತ್ತು ಬಾಣದ ಗುರುತಿನ ಕೀಗಳು ಮಾತ್ರ ಸವೆದು ನುಣುಪಾಗಿದ್ದವು. ಕಾರಣ ಮಕ್ಕಳಿಗೆ ಗೊತ್ತು. ಕ್ರೋಮ್‌ನಲ್ಲಿ ನೆಟ್ ಸಿಗದಿದ್ದಾಗ ಒಂದು ಪುಟ್ಟ ಡೈನೋಸಾರ್ ಬರುತ್ತದೆ. ಸ್ಪೇಸ್ ಬಾರ್ ಒತ್ತಿದರೆ ಅದು ಓಡತೊಡಗುತ್ತದೆ, ಮತ್ತೆ ಒತ್ತಿದರೆ ಕಳ್ಳಿ ಗಿಡಗಳನ್ನು ಹಾರುತ್ತದೆ. ಗೂಗಲ್ 2014ರಲ್ಲಿ ಅದನ್ನು ಸೇರಿಸಿತು. ನೆಟ್ ಬಾರದ ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ದಕ್ಕಿದ್ದು ಅದೊಂದೇ. ಅದನ್ನೂ ಬಂದ್ ಮಾಡುವ ಸೆಟ್ಟಿಂಗ್ ಇದೆ, ಆ ಶಾಲೆಯಲ್ಲಿ ಬಂದ್ ಮಾಡಿದ್ದರು. ಹುಡುಗರು ಪೆನ್‌ಡ್ರೈವಿನಲ್ಲಿ ರೋಡ್ ರ‍್ಯಾಶ್ ಎಂಬ ಬೈಕ್ ಆಟ ತಂದರು. ಶಾಲೆಯವರು ಪಾಸ್‌ವರ್ಡ್ ಹಾಕಿದರು. ಹುಡುಗರು ಪಾಸ್‌ವರ್ಡನ್ನೂ ಪತ್ತೆ ಹಚ್ಚಿದರು. ಕಡೆಗೆ ಬಾಗಿಲಿಗೇ ಕೀಲಿ ಬಿತ್ತು.

ಯಾರೂ ಹೇಳಿಕೊಡದೆ ಪಾಸ್‌ವರ್ಡ್ ದಾಟಿದ ಹುಡುಗನಿಗೆ ಬೈಗುಳ ಸಿಕ್ಕಿತು. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ‘ಹ್ಯಾಂಗ ಮಾಡಿದಿ, ತೋರ್ಸು’ ಎಂದು ಕೇಳುವ ಒಬ್ಬ ಮೇಷ್ಟ್ರು ಅಲ್ಲಿರಲಿಲ್ಲ. ತೊಂದರೆಯ ಬೇರು ಇರುವುದು ಇಲ್ಲೇ. ರಾಜ್ಯದ ಮಾಹಿತಿ ಸಿಂಧು ಯೋಜನೆಯ ಕಾಲದಿಂದ ನಮ್ಮ ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಬರುತ್ತಲೇ ಇವೆ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಐಸಿಟಿ ಯೋಜನೆಯಲ್ಲಿ ಖಾಸಗಿ ಸಂಸ್ಥೆಗಳು ಯಂತ್ರಗಳನ್ನು ಕೂರಿಸಿ, ಕಲಿಸಲು ಒಬ್ಬರನ್ನು ಕೊಟ್ಟು, ಗುತ್ತಿಗೆಯ ಐದು ವರ್ಷ ಮುಗಿದ ಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋದವು. ಯಂತ್ರ ಉಳಿಯಿತು, ಕಲಿಸುವವರು ಹೋದರು. ಗಣಿತದ ಮೇಷ್ಟ್ರಿಗೋ ವಿಜ್ಞಾನದ ಟೀಚರಿಗೋ ಲ್ಯಾಬಿನ ಹೊಣೆ ಬಿತ್ತು. ಒಂದು ಮೌಸ್ ಕಾಣೆಯಾದರೂ ಸ್ಟಾಕ್ ರಿಜಿಸ್ಟರ್ ಹಿಡಿದು ಉತ್ತರ ಕೊಡಬೇಕಾದವರು ಹೆಡ್‌ಮಾಸ್ತರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಸಿಬ್ಬಂದಿ ಇಲ್ಲದ್ದು ಇಲಾಖೆಯ ಕೊರತೆ. ಅದನ್ನು ಮಕ್ಕಳ ಗೇಮಿನ ಮೇಲೆ ಹಾಕುವುದು ಅನ್ಯಾಯ. ಕರೆಂಟ್ ಬಿಲ್ಲಿನ ನೆಪಕ್ಕೂ ಈಗ ಜಾಗವಿಲ್ಲ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಕೊಡುವುದಾಗಿ ಮುಖ್ಯಮಂತ್ರಿಗಳು 2023ರ ರಾಜ್ಯೋತ್ಸವದ ದಿನ ಘೋಷಿಸಿದ್ದಾರೆ.

ಆಟದಿಂದ ಏನು ಬರುತ್ತದೆ ಎಂದು ಕೇಳುವವರು ಎಂಟನೇ ತರಗತಿಯ ಮಗುವನ್ನು ಮೊದಲ ಸಲ ಕಂಪ್ಯೂಟರ್ ಮುಂದೆ ಕೂರಿಸಿ ನೋಡಬೇಕು. ಮನೆಯಲ್ಲಿ ಅಪ್ಪನ ಮೊಬೈಲ್ ಮಾತ್ರ ಕಂಡಿರುವ ಮಗು ಮಾನಿಟರಿನ ಗಾಜಿಗೇ ಬೆರಳು ಒತ್ತುತ್ತದೆ. ಮೌಸ್ ಮುಟ್ಟಿದರೆ ಬಾಣ ಎಲ್ಲಿಗೋ ಓಡುತ್ತದೆ. ಅದನ್ನು ಹಿಡಿತಕ್ಕೆ ತರಲು ಪುಸ್ತಕದ ಪಾಠಕ್ಕಿಂತ ಒಂದು ಇಸ್ಪೀಟಿನ ಸಾಲಿಟೇರ್ ಬೇಗ ಕಲಿಸುತ್ತದೆ. 1990ರಲ್ಲಿ ವಿಂಡೋಸ್ ಜೊತೆ ಸಾಲಿಟೇರ್ ಬಂದಾಗ ದೊಡ್ಡವರೂ ಎಲೆಗಳನ್ನು ಎಳೆದು ಎಳೆದೇ ಮೌಸ್ ರೂಢಿ ಮಾಡಿಕೊಂಡರು. ಟಕ್ಸ್ ಟೈಪಿಂಗ್, ಜಿಕಾಂಪ್ರಿಯಂಥ ಕಲಿಕೆಯ ಆಟಗಳು ಉಚಿತ ತಂತ್ರಾಂಶವಾದ ಉಬುಂಟುವಿನಲ್ಲಿ ಕಾಸಿಲ್ಲದೆ ಸಿಗುತ್ತವೆ. ಒಮ್ಮೆ ಹಾಕಿಟ್ಟರೆ ನೆಟ್ ಬೇಕಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಡುವ ಮಕ್ಕಳು ಆಟ ಕಟ್ಟಲಿ ಎಂಬುದು ನನ್ನ ಆಸೆ. ಅಮೆರಿಕದ ಎಂಐಟಿಯವರು 2007ರಲ್ಲಿ ಹೊರತಂದ ಸ್ಕ್ರ್ಯಾಚ್ ತಂತ್ರಾಂಶದಲ್ಲಿ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ ಆಗುತ್ತದೆ. ಅದಕ್ಕೂ ನೆಟ್ ಬೇಡ. ವಾಡಿಯ ಮಕ್ಕಳಿಗೆ ವಿಷಯ ಹುಡುಕಿಕೊಡಬೇಕಾಗಿಲ್ಲ. ಸೊಲ್ಲಾಪುರ, ಗುಂತಕಲ್, ಸಿಕಂದರಾಬಾದ್ ಕಡೆಯ ಹಳಿಗಳು ನಮ್ಮ ಜಂಕ್ಷನ್ನಿನಲ್ಲಿ ಕೂಡುತ್ತವೆ. ಯಾವ ಗಾಡಿ ನಿಲ್ಲಬೇಕು, ಯಾವುದಕ್ಕೆ ಸಿಗ್ನಲ್ ಕೊಡಬೇಕು ಎಂಬುದನ್ನು ಇಲ್ಲಿನ ಹುಡುಗರು ನೋಡುತ್ತಲೇ ಬೆಳೆದಿದ್ದಾರೆ. ‘ಈ ಹಳಿ ಖಾಲಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು’ ಎಂಬ ನಿಯಮವನ್ನು ಅವರು ಆಟವಾಗಿ ಬರೆದರೆ ಪ್ರೋಗ್ರಾಮಿಂಗಿನ ಮೊದಲ ಪಾಠ ಮುಗಿದಂತೆ. ಹಾಗೆಯೇ ಆಟದ ವಿಷಯಕ್ಕೆ ಸೇಡಂ ಮಕ್ಕಳಿಗೆ ಮಳಖೇಡದ ಕೋಟೆ ಇದೆ, ಚಿಂಚೋಳಿಯವರಿಗೆ ಕಾಡಿದೆ, ಶಹಾಬಾದಿನವರಿಗೆ ಕಲ್ಲಿನ ಗಣಿ ಇದೆ, ಚಿತ್ತಾಪುರದವರಿಗೆ ಸನ್ನತಿಯ ಬೌದ್ಧ ನೆಲೆ ಇದೆ.

ಇದು ಎಲ್ಲೂ ನಡೆಯದ ಮಾತೇನಲ್ಲ. ಕೇರಳದಲ್ಲಿ ಒಂದನೇ ತರಗತಿಯಿಂದಲೇ ಐಸಿಟಿ ಪುಸ್ತಕವಿದೆ. ಕೆಳಗಿನ ತರಗತಿಗಳ ಪುಸ್ತಕಕ್ಕೆ ಮಲಯಾಳದಲ್ಲಿ ಕಳಿಪ್ಪೆಟ್ಟಿ, ಅಂದರೆ ಆಟದ ಪೆಟ್ಟಿಗೆ, ಎಂದೇ ಹೆಸರು. 2018ರಿಂದ ಅಲ್ಲಿನ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ಕೂಟಗಳಿದ್ದು, ಅವುಗಳಲ್ಲಿ ಮಕ್ಕಳು ಅನಿಮೇಷನ್, ಪ್ರೋಗ್ರಾಮಿಂಗ್ ಕಲಿಯುತ್ತಾರೆ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೂ ಐಸಿಟಿ ಪಾಠ ಕನ್ನಡದಲ್ಲೇ ಸಿಗುತ್ತದೆ. ಗಡಿಯಾಚೆಯ ಕನ್ನಡದ ಮಗುವಿಗೆ ಸಿಕ್ಕಿದ್ದು ಕರ್ನಾಟಕದೊಳಗಿನ ನಮ್ಮ ಮಗುವಿಗೆ ಯಾಕೆ ಸಿಗಬಾರದು?

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕಡೆಯ ಸ್ಥಾನಕ್ಕೆ ಬಂತು. ಫಲಿತಾಂಶ ಹೀಗಿರುವಾಗ ಗೇಮ್ ಬೇರೆ ಕೇಡು ಎಂದು ಹಿರಿಯರು ಗದರಬಹುದು. ಲ್ಯಾಬಿಗೆ ಕೀಲಿ ಹಾಕಿಯೇ ನಾವು ಕಡೆಯ ಸ್ಥಾನ ತಲುಪಿದ್ದೇವೆ ಎಂಬುದನ್ನು ಅವರು ಗಮನಿಸಬೇಕು. ಶಾಲೆಗೆ ಬರಲು ಮಗುವಿಗೆ ಒಂದು ಕಾರಣ ಹೆಚ್ಚಾದರೆ ನಷ್ಟವೇನಿಲ್ಲ.

ದುಡ್ಡು ಕಟ್ಟಿ ಆಡುವ ಆಟಗಳ ಭಯ ನನಗೂ ಇದೆ. ಮೊಬೈಲಿನಲ್ಲಿ ಸಂಬಳ ಕಳೆದುಕೊಂಡವರನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಮತ್ತು ಕಲಿಕೆಯ ಆಟಗಳಿಗೆ ಉತ್ತೇಜನ ಕೊಡಬೇಕೆಂದೂ ಹೇಳುತ್ತದೆ. ಲ್ಯಾಬ್ ಮುಚ್ಚಿದ ಮಾತ್ರಕ್ಕೆ ಹುಡುಗರು ಆಟ ಬಿಡುವುದಿಲ್ಲ. ಬಸ್ ಸ್ಟ್ಯಾಂಡಿನ ನೆರಳಲ್ಲಿ, ದೊಡ್ಡವರ ಕಣ್ಣು ತಪ್ಪಿಸಿ, ಮೊಬೈಲ್ ಹಿಡಿದು ಕೂರುತ್ತಾರೆ.

ಗೇಮಿಂಗ್ ಮತ್ತು ಅನಿಮೇಷನ್ ಉದ್ಯಮಕ್ಕೆಂದು 2012ರಲ್ಲೇ ನೀತಿ ತಂದ ರಾಜ್ಯ ನಮ್ಮದು. 2024ರಲ್ಲಿ ಹೊಸ ನೀತಿಯೂ ಬಂತು. 2023ರಿಂದ ಐಟಿ–ಬಿಟಿ ಖಾತೆ ಹೊತ್ತ ಪ್ರಿಯಾಂಕ್ ಖರ್ಗೆಯವರು ಚಿತ್ತಾಪುರದ ಶಾಸಕರು. ಕೌಶಲಾಭಿವೃದ್ಧಿ ಖಾತೆ ಹೊತ್ತ ಡಾ. ಶರಣಪ್ರಕಾಶ ಪಾಟೀಲರು ಸೇಡಂನವರು. ಇವರಿಬ್ಬರೂ ಮನಸ್ಸು ಮಾಡಿದರೆ ಈ ಕೆಲಸಕ್ಕೆ ಬೆಂಗಳೂರಿನ ತನಕ ಅಲೆಯಬೇಕಾಗಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕೊಠಡಿ ಕಟ್ಟುವಷ್ಟೇ ಮುತುವರ್ಜಿಯಿಂದ ಲ್ಯಾಬಿಗೊಬ್ಬ ಕಲಿಸುವವರನ್ನು ನೇಮಿಸಲಿ. ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಇರುವ ಹುಡುಗ ಹುಡುಗಿಯರು ನಮ್ಮೂರುಗಳಲ್ಲೇ ಇದ್ದಾರೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ತಾಸು ಲ್ಯಾಬ್ ತೆರೆದಿರಲಿ, ಹಾಜರಿ ಪುಸ್ತಕವನ್ನು ಮಕ್ಕಳೇ ನೋಡಿಕೊಳ್ಳಲಿ, ಯಂತ್ರ ಕೆಟ್ಟರೆ ಹೆಡ್‌ಮಾಸ್ತರ ಕೈಯಿಂದ ವಸೂಲಿ ಇಲ್ಲ ಎಂದು ಇಲಾಖೆ ಲಿಖಿತವಾಗಿ ತಿಳಿಸಲಿ.

ಬರುವ ಶೈಕ್ಷಣಿಕ ವರ್ಷ ಶುರುವಾಗುವ ಮೊದಲು ನಮ್ಮ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗಳು ಶಾಲೆವಾರು ಪಟ್ಟಿಯೊಂದನ್ನು ನೋಟಿಸ್ ಬೋರ್ಡಿಗೆ ಹಚ್ಚಲಿ: ಎಷ್ಟು ಕಂಪ್ಯೂಟರ್ ಇವೆ, ಎಷ್ಟು ನಡೆಯುತ್ತಿವೆ, ವಾರಕ್ಕೆ ಎಷ್ಟು ತಾಸು ಮಕ್ಕಳ ಕೈಗೆ ಸಿಗುತ್ತವೆ, ಲ್ಯಾಬಿನ ಕೀಲಿಕೈ ಯಾರ ಹತ್ತಿರ ಇದೆ.

ಇಂತಿ,
ಹೈಸ್ಕೂಲ್ ವಿದ್ಯಾರ್ಥಿಯೊಬ್ಬನ ತಂದೆ, ವಾಡಿ