ಅನುಮೋದನವೂ ಹಿಂಸೆಯೇ

ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿ ಗ್ರಾಮದಲ್ಲಿ 2018ರ ಜುಲೈ 13ರಂದು ನಡೆದ ಘಟನೆಯನ್ನು ಹಲವರು ಮರೆತಿರಬಹುದು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡವೊಂದು ಹಾದಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅವರು ಮಕ್ಕಳ ಕಳ್ಳರೆಂಬ ಸುಳ್ಳು ವಾಟ್ಸ್ಆ್ಯಪ್ ಮೂಲಕ ಅವರ ಕಾರಿಗಿಂತ ಮೊದಲೇ ಮುರ್ಕಿಯನ್ನು ಮುಟ್ಟಿತು. ಗುಂಪಿನ ಹೊಡೆತಕ್ಕೆ ಯುವ ಎಂಜಿನಿಯರರೊಬ್ಬರು ಪ್ರಾಣ ಬಿಟ್ಟರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಹೊಡೆದವರನ್ನು ಹುಡುಕಿ ಬಂಧಿಸಲಾಯಿತು. ಆದರೆ ಆ ಸುಳ್ಳನ್ನು ಮುಂದೆ ಕಳಿಸಿದ ಬಹುಮಂದಿ ಅಂದು ರಾತ್ರಿ ನಿಶ್ಚಿಂತೆಯಿಂದಲೇ ಮಲಗಿರಬೇಕು.

ಜಿನಧರ್ಮದ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದುದು. ತಾನು ಮಾಡುವುದು ಕೃತ, ಪರರಿಂದ ಮಾಡಿಸುವುದು ಕಾರಿತ, ಮಾಡಿದ್ದನ್ನು ಮೆಚ್ಚುವುದು ಅನುಮೋದನ. ಈ ಮೂರನ್ನು ಮನ-ವಚನ-ಕಾಯಗಳಿಂದಲೂ, ಸಂರಂಭ-ಸಮಾರಂಭ-ಆರಂಭಗಳಿಂದಲೂ, ಕ್ರೋಧಾದಿ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ಕರ್ಮಾಸ್ರವದ 108 ದ್ವಾರಗಳಾಗುತ್ತವೆ. ಜಪಮಾಲೆಯ ಮಣಿ ಎಣಿಸುವ ಶ್ರಾವಕರಿಗೆ ಇದು ಹೊಸ ಲೆಕ್ಕವೇನಲ್ಲ. ಒಬ್ಬನನ್ನು ಥಳಿಸುವ ವಿಡಿಯೋಗೆ ಮೆಚ್ಚುಗೆಯ ಹೆಬ್ಬೆರಳು ಒತ್ತುವುದು ಅನುಮೋದನವಲ್ಲದೆ ಮತ್ತೇನು?

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಜೈನರಲ್ಲಿ ಒಕ್ಕಲುತನದವರು ಬಹಳ. ಹೊಲ ಉಳುವಾಗ, ಕಬ್ಬಿಗೆ ನೀರು ಹಾಯಿಸುವಾಗ ಜೀವಹಾನಿ ತಪ್ಪದು. ಅದು ಉದ್ಯೋಗಿ ಹಿಂಸೆ, ಗೃಹಸ್ಥನು ಅದನ್ನು ಪೂರ್ಣವಾಗಿ ಬಿಡಲಾರನು. ಪ್ರಯೋಜನವೇ ಇಲ್ಲದೆ ಕಟ್ಟಿಕೊಳ್ಳುವ ಪಾಪಕ್ಕೆ ಅನರ್ಥದಂಡವೆಂದು ಹೆಸರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದರ ಐದು ಭೇದಗಳನ್ನು ಹೇಳುವಾಗ ದುಃಶ್ರುತಿಯನ್ನೂ ಸೇರಿಸಿದ್ದಾರೆ: ರಾಗದ್ವೇಷಗಳಿಂದ ಚಿತ್ತವನ್ನು ಕಲುಷಿತಗೊಳಿಸುವುದನ್ನು ಕೇಳುವುದೇ ದೋಷ. ಆಗ ಟಿ.ವಿ. ಇರಲಿಲ್ಲ, ಕಿವಿಗಳಿದ್ದವು.

ಈ ಭಾಗದಲ್ಲಿ ಸೂರ್ಯಾಸ್ತದೊಳಗೆ ಊಟ ಮುಗಿಸುವ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆಗಳು ಇಂದಿಗೂ ಇವೆ. ಊಟವಾದ ಮೇಲೆ ಅದೇ ಪಡಸಾಲೆಯಲ್ಲಿ ಕೊಲೆಯ ದೃಶ್ಯ ಮತ್ತೆ ಮತ್ತೆ ತಿರುಗುತ್ತದೆ. ಮೂಲೆಯಲ್ಲಿ ಮೊಮ್ಮಗನು ಮೊಬೈಲಿನ ಆಟದಲ್ಲಿ ತಾನು ಕೊಂದವರನ್ನು ಎಣಿಸುತ್ತಾನೆ. ಕಣ್ಣಿಗೆ ಕಾಣದ ಜೀವಿಗಾಗಿ ನೀರು ಸೋಸುವ ಕೈ ಸುದ್ದಿಯನ್ನೇಕೆ ಸೋಸುವುದಿಲ್ಲ?

ಇದು ಸರಕಾರದ, ಕಂಪನಿಗಳ ಕೆಲಸವೆನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸಬಹುದೆಂಬ ಮಿತಿಯನ್ನು ವಾಟ್ಸ್ಆ್ಯಪ್ ಭಾರತಕ್ಕೆ ಪ್ರಕಟಿಸಿದ್ದು ಅದೇ 2018ರ ಜುಲೈಯಲ್ಲಿ. ತಡೆಯಲು ಸಾಧ್ಯವಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೂ ಐವರಿಗೆ ಕಳಿಸುವ ಬೆರಳು ಮನುಷ್ಯನದೇ. ಹಿಡಕಲ್ ಜಲಾಶಯದ ಗೇಟು ಇಳಿಸಿದಾಗಲಷ್ಟೇ ಘಟಪ್ರಭೆಯ ನೀರು ನಿಲ್ಲುತ್ತದೆ. ಆಸ್ರವಕ್ಕೆ ಹಾಗೆ ಗೇಟು ಇಳಿಸುವುದೇ ಸಂವರ, ಅದನ್ನು ಇಳಿಸಬೇಕಾದವನು ಮನೆಯೊಳಗೇ ಇದ್ದಾನೆ.

ದಶಲಕ್ಷಣ ಪರ್ವದಲ್ಲಿ ಹಸಿರು ತರಕಾರಿ ಬಿಡುವವರು, ಪರೀಕ್ಷಿಸದ ಸಂದೇಶ ಕಳಿಸುವುದನ್ನೂ ಆ ಹತ್ತು ದಿನ ಬಿಡಬಹುದು. ಬಸದಿಯ ಹಿರಿಯರು ಈ ನಿಯಮ ಕೊಟ್ಟರೆ ಬೇಡವೆನ್ನುವವರು ಕಡಿಮೆ. ಪರ್ವದ ನಂತರ ಕ್ಷಮಾವಣಿ ಬರುತ್ತದೆ. ಅಂದು ‘ಉತ್ತಮ ಕ್ಷಮಾ’ ಎಂಬ ಸಿದ್ಧ ಚಿತ್ರ ನೂರಾರು ಜನರಿಗೆ ಹೋಗುತ್ತದೆ. ವರ್ಷವಿಡೀ ಗ್ರೂಪಿನಲ್ಲಿ ನಿಂದೆಗೆ ಗುರಿಯಾದವನ ಮನೆ ಮಾತ್ರ ಎರಡೇ ಓಣಿ ಆಚೆ ಇರುತ್ತದೆ; ಅಲ್ಲಿಗೆ ಯಾರೂ ನಡೆದು ಹೋಗುವುದಿಲ್ಲ.