ಪ್ರಮಾಣಪತ್ರವು ಪ್ರಾಯಶ್ಚಿತ್ತವಲ್ಲ

ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯವು 2016ರ ಜನಮತದಿಂದ, 21 ವರ್ಷ ತುಂಬಿದವರ ಗಾಂಜಾ ಸೇವನೆಯನ್ನು ಕಾನೂನುಬದ್ಧಗೊಳಿಸಿತು. 18 ತುಂಬದವರು 28.5 ಗ್ರಾಂ ಮೀರದ ಗಾಂಜಾದೊಡನೆ ಮೊದಲ ಸಲ ಸಿಕ್ಕಿಬಿದ್ದರೆ, ಅಲ್ಲಿನ ಕಾನೂನು ಸೆರೆಮನೆಯನ್ನಲ್ಲ, 4 ಗಂಟೆಗಳ ಜಾಗೃತಿ ಶಿಕ್ಷಣವನ್ನೂ 10 ಗಂಟೆಗಳವರೆಗಿನ ಸಮಾಜಸೇವೆಯನ್ನೂ ವಿಧಿಸುತ್ತದೆ. ದಂಡಿಸದೆ ತಿದ್ದುವ ಈ ಕ್ರಮ ಅಹಿಂಸಾಧರ್ಮಕ್ಕೆ ಸಮೀಪವಾದುದೇ.

ಆದರೆ ಇಂತಹ ಪಾಠಗಳು ಗಣಕಯಂತ್ರದ ಪರದೆಯ ಮೇಲೆಯೂ ದೊರೆಯುವ ಈ ಕಾಲದಲ್ಲಿ, ಮಗನ ಬದಲು ತಂದೆಯೇ ಗುಂಡಿಯೊತ್ತಿ ಪ್ರಮಾಣಪತ್ರ ಪಡೆದರೆ ತಿದ್ದಿಕೊಂಡವರು ಯಾರು? ನ್ಯಾಯಾಲಯಕ್ಕೆ ಕಾಗದ ಸಾಕು, ಕರ್ಮಕ್ಕೆ ಸಾಲದು. ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ: ಗುರುವಿನ ಮುಂದೆ ದೋಷವನ್ನು ಮರೆಮಾಚದೆ ನಿವೇದಿಸುವುದು. ಕುಲಗೌರವದ ಹೆಸರಿನಲ್ಲಿ ದೋಷವನ್ನು ಮುಚ್ಚುವ ಮನೆ, ಮಗನ ವ್ಯಸನಕ್ಕೆ ಮಾಯಾಶಲ್ಯವನ್ನೂ ಕೂಡಿಸುತ್ತದೆ.

ದೊಡ್ಡವರಿಗೆ ಅದು ಅಪರಾಧವೇ ಅಲ್ಲವೆಂಬ ಸಮಾಧಾನವೂ ಸಲ್ಲದು. ಮದ್ಯವೂ ಕಾನೂನುಬದ್ಧವೇ, ಆದರೂ ಅದು ಸಪ್ತವ್ಯಸನಗಳಲ್ಲೊಂದು.

ಅಲ್ಲಿನ ಜಿನಮಂದಿರಗಳ ಆಡಳಿತ ಮಂಡಳಿಗಳು ಪಾಠಶಾಲೆಗಳಲ್ಲಿ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಚರ್ಚಿಸಲಿ. ಎಡವಿದ ಬಾಲಕನನ್ನು ದೂರವಿಡದೆ ಹತ್ತಿರ ಕೂರಿಸಿಕೊಳ್ಳಲಿ. ಸರ್ಕಾರದ ಹೊಣೆ ನಾಲ್ಕು ಗಂಟೆಗೆ ಮುಗಿಯುತ್ತದೆ. ಸಂಘದ ಹೊಣೆ ಐದನೆಯ ಗಂಟೆಗೆ ಆರಂಭವಾಗುತ್ತದೆ.